ಇದೇ ಲಾಸ್ಟು

ಸ್ಕೇಟ್‌ಬೋರ್ಡ್ ಆಡುವವರು ಹೇಳುವ ದೊಡ್ಡ ಸುಳ್ಳು ‘ಇದೇ ಲಾಸ್ಟು’. ಹೈದರಾಬಾದಿನಲ್ಲಿ ಅದು ನನಗೆ ಮೂರು ಭಾಷೆಯಲ್ಲಿ ಕೇಳಿಸುತ್ತದೆ. ತೆಲುಗಿನವನು ‘ಇಂಕೊಕ್ಕಸಾರಿ ಅನ್ನಾ’ ಅಂತಾನೆ, ಹಳೇ ಊರಿನ ಹುಡುಗ ‘ಬಸ್ ಏಕ್ ಬಾರ್ ಭಾಯ್’ ಅಂತಾನೆ, ಕಾಚಿಗುಡದ ನಮ್ಮ ಕನ್ನಡದವನು ‘ಇದೊಂದ ಸಲ ನೋಡಲೇ’ ಅಂತಾನೆ. ಮೂವರೂ ಇನ್ನರ್ಧ ಗಂಟೆ ಬಿಡುವುದಿಲ್ಲ. ಕ್ಯಾಮೆರಾ ಹಿಡಿದವನು ಪ್ರತಿಸಲವೂ ನಂಬಲೇಬೇಕು. ಬೇಸತ್ತು ಫೋನು ಇಳಿಸಿದ ಗಳಿಗೆಯಲ್ಲೇ ಟ್ರಿಕ್ ಲ್ಯಾಂಡ್ ಆಗುತ್ತದೆ.

ನನಗೆ ಬೋರ್ಡ್ ಮೇಲೆ ನೇರ ಹೋಗಲು ಬರುತ್ತದೆ, ತಿರುಗಲು ಬರುತ್ತದೆ. ಹಾರುವ ಆಸೆಯಿಲ್ಲ. ಗೆಳೆಯರನ್ನು ಹಿಂಬಾಲಿಸುತ್ತ ವಿಡಿಯೋ ಮಾಡಲು ಅಷ್ಟು ಸಾಕು. ಬೋರ್ಡಿಗೆ ಮಾತ್ರ ದೊಡ್ಡ, ಮೆತ್ತನೆಯ ಚಕ್ರ ಹಾಕಿಸಿಕೊಳ್ಳಬೇಕು. ಟ್ರಿಕ್ ಮಾಡುವವರ ಚಕ್ರ ಸಾಮಾನ್ಯವಾಗಿ 99ಎ ಗಡಸಿನದು. ಹಿಂಬಾಲಿಸುವವನಿಗೆ 78ಎ ಆಸುಪಾಸಿನದು ಬೇಕು. ಇಲ್ಲದಿದ್ದರೆ ರಸ್ತೆಯ ಒಂದೊಂದು ಜಲ್ಲಿಯೂ ಚಿತ್ರವನ್ನು ನಡುಗಿಸುತ್ತದೆ, ನಮ್ಮ ಚಕ್ರದ ಗಲಾಟೆಯಲ್ಲಿ ಅವರ ಬೋರ್ಡಿನ ಸದ್ದೇ ಮುಳುಗಿಹೋಗುತ್ತದೆ.

ಆ ಸದ್ದು ಹೋದರೆ ಅರ್ಧ ವಿಡಿಯೋ ಹೋದಂತೆ. ಗ್ರಾನೈಟ್ ಮೇಲೆ ಬರುವ ಗರಗರ, ಹಿಂಗಾಲು ಬೋರ್ಡಿನ ಬಾಲಕ್ಕೆ ಹೊಡೆದ ‘ಟಪ್’, ಆಮೇಲೆ ಗಾಳಿಯಲ್ಲಿ ಏನೂ ಇಲ್ಲ, ಮತ್ತೆ ನಾಲ್ಕೂ ಚಕ್ರ ಒಟ್ಟಿಗೆ ನೆಲಕ್ಕೆ. ಕಣ್ಣು ಮುಚ್ಚಿ ಕೇಳಿದರೂ ಟ್ರಿಕ್ ಸರಿಯಾಯಿತೋ ಇಲ್ಲವೋ ತಿಳಿಯುತ್ತದೆ. 1995ರಲ್ಲಿ ಬಂದ ಸೋನಿ ವಿಎಕ್ಸ್1000 ಎಂಬ ಟೇಪ್ ಕ್ಯಾಮೆರಾವನ್ನು ಸ್ಕೇಟರ್‌ಗಳು ಇವತ್ತಿಗೂ ಹುಡುಕಿ ಕೊಳ್ಳುವುದು ಚಿತ್ರಕ್ಕೆಷ್ಟೋ ಅದರ ಮೈಕಿಗೂ ಅಷ್ಟೇ. ಅದರ ಮೇಲಿನ ಹಿಡಿಯನ್ನು ಹಿಡಿದು ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಬಿಟ್ಟು ಸಾಗುವ ಭಂಗಿಯೇ ಈ ಕಸುಬಿನ ಗುರುತಾಯಿತು. ಫೋನಿನವರೂ ಅದನ್ನೇ ಮಾಡಬೇಕು: ಫೋನು ತಲೆಕೆಳಗಾಗಲಿ, ಲೆನ್ಸ್ ನೆಲದ ಹತ್ತಿರ ಬರಲಿ.

ಫಿಶ್‌ಐ ಲೆನ್ಸ್ ಇದ್ದರೆ ಹತ್ತಿರ, ಇನ್ನೂ ಹತ್ತಿರ ಹೋಗಬೇಕು. ದೂರ ನಿಂತರೆ ಮನುಷ್ಯ ಇರುವೆಯಾಗುತ್ತಾನೆ. ಮೆಟ್ಟಿಲಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ತೆಗೆದರೆ ಮೂರು ಮೆಟ್ಟಿಲೂ ಕೋಟೆ ಏರಿದಷ್ಟು ಎತ್ತರ ಕಾಣುತ್ತವೆ. ಇದು ಮೋಸವೇ, ಆದರೆ ಎಲ್ಲರೂ ಒಪ್ಪಿಕೊಂಡ ಮೋಸ. ಬೋರ್ಡ್ ಲೆನ್ಸಿಗೆ ಬಡಿಯುವುದೂ ಉಂಟು. ಮುಂದೊಂದು ಅಗ್ಗದ ಫಿಲ್ಟರ್ ಗಾಜು ಇರಲಿ. ಟೆಲಿ ಲೆನ್ಸ್‌ನವನು ದೂರದಲ್ಲಿ ಟ್ರೈಪಾಡ್ ಇಟ್ಟು ಎಲ್ಲವನ್ನೂ ಇದ್ದಂತೆಯೇ ತೋರಿಸುತ್ತಾನೆ. ಯಾವುದಾದರೂ ಸರಿ, ಪಾದ ಕತ್ತರಿಸಕೂಡದು. ಮುಖಕ್ಕೆ ಆಸೆಪಟ್ಟು ಪಾದ ಬಿಟ್ಟ ವಿಡಿಯೋ ಯಾರಿಗೂ ಬೇಡ. ಇಳಿದ ಮೇಲೆ ಉರುಳಿಕೊಂಡು ಹೋಗುವುದನ್ನೂ ಬಿಡಬಾರದು. ಅದು ಕಾಣದಿದ್ದರೆ ಬಿದ್ದನೆಂದೇ ಲೆಕ್ಕ.

ಊರಿನ ಪಶ್ಚಿಮಕ್ಕೆ ವಾಲ್‌ರೈಡ್‌ನಂಥ ಸ್ಕೇಟ್‌ಪಾರ್ಕ್ ಇದೆ. ಆದರೂ ನನಗೆ ನೆಕ್ಲೆಸ್ ರೋಡೇ ಇಷ್ಟ. ಬೆಳಿಗ್ಗೆ ಅಲ್ಲಿ ನಿಂತ ಹೊಸಬರೆಲ್ಲ ಹುಸೇನ್ ಸಾಗರ ಕೆರೆಯ ಬುದ್ಧನ ಪ್ರತಿಮೆಯನ್ನು ಹಿನ್ನೆಲೆಗೆ ತರಲು ಒದ್ದಾಡುತ್ತಾರೆ. ರಸ್ತೆ ಕೆರೆಯ ಪಶ್ಚಿಮ ದಂಡೆಯಲ್ಲಿದೆ. ಬೆಳಗಿನ ಸೂರ್ಯ ಬುದ್ಧನ ಆಚೆಗೆ. ಗೆಳೆಯ ಕರಿ ನೆರಳಾಗಿಬಿಡುತ್ತಾನೆ. ಬುದ್ಧ ಬೇಕೆಂದರೆ ಸಂಜೆ ಬನ್ನಿ, ಆತ 1992ರಿಂದ ಅಲ್ಲೇ ನಿಂತಿದ್ದಾನೆ. ಮೇ ತಿಂಗಳಲ್ಲಿ ಮಾತ್ರ ನಡುಮಧ್ಯಾಹ್ನ ಬೇಡ. ಕಾಲು ತಡೆದರೂ ಫೋನು ತಡೆಯುವುದಿಲ್ಲ, ಕಾದು ಕ್ಯಾಮೆರಾ ಬಂದ್ ಮಾಡಿಕೊಂಡು ಕೂರುತ್ತದೆ.

ಕಾವಲುಗಾರ ಬಂದು ‘ಇಧರ್ ನಕ್ಕೋ ಮಿಯಾ’ ಅಂದರೆ ವಾದಿಸದೆ ಎದ್ದುಬಿಡಬೇಕು. ಅದಾದ ಮೇಲಿನದು ಇರಾನಿ ಹೋಟೆಲಿನ ಕೆಲಸ. ಚಹಾ ಮುಗಿಯುವುದರೊಳಗೆ ಎಲ್ಲ ತಲೆಗಳೂ ಒಂದು ಪರದೆಯ ಮೇಲೆ ಬಗ್ಗಿರುತ್ತವೆ. ಇಳಿಯುವಾಗ ಕೈ ನೆಲಕ್ಕೆ ತಾಗಿತೇ ಎಂಬುದು ಜಗಳ. ತಾಗಿದ್ದರೆ ಟ್ರಿಕ್ ಲೆಕ್ಕಕ್ಕಿಲ್ಲ. ಕಾಚಿಗುಡದವನು ಅದು ಕೈಯಲ್ಲ, ನೆರಳು ಅಂತಾನೆ. ನಾನು ಒಂದೊಂದೇ ಫ್ರೇಮು ಹಿಂದಕ್ಕೆ ಸರಿಸುತ್ತೇನೆ. ನೆರಳಿಗೆ ವಾಚ್ ಇದೆ.