ಸೋಮಾರಿತನವೋ, ಗ್ರಂಥಿದೋಷವೋ?

ಮನೆಯೆಂದ ಮೇಲೆ ಒಬ್ಬರನ್ನೊಬ್ಬರು ಅಳೆಯುವ ಅಭ್ಯಾಸವು ಎಲ್ಲರಿಗೂ ಇದ್ದದ್ದೇ. ಇವನು ಚುರುಕು, ಅವಳು ಜಡ. ಇವನು ಸಿಡುಕ, ಅವಳು ಸಹನಶೀಲೆ ಎಂದು ನಿತ್ಯವೂ ತೀರ್ಪು ಕೊಡುತ್ತಲೇ ಇರುತ್ತೇವೆ. ಈ ತೀರ್ಪುಗಳಿಗೆ ಸಾಕ್ಷ್ಯವನ್ನು ಕೇಳುವವರಿಲ್ಲ, ಮೇಲ್ಮನವಿಗೂ ಅವಕಾಶವಿಲ್ಲ. ಅಂಥದೊಂದು ತೀರ್ಪನ್ನು ಕೊಟ್ಟು, ಅದು ತಪ್ಪೆಂದು ಎರಡು ವರ್ಷಗಳ ತರುವಾಯ ಅರಿತವರು ನಾವು. ವಾಚಕರಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ನಿವೇದಿಸುತ್ತೇವೆ.

ನಮ್ಮ ಕಿರಿಯ ಸೊಸೆಯು ಮನೆ ತುಂಬಿದ ಹೊಸತರಲ್ಲಿ ಹೊತ್ತು ಮೂಡುವ ಮುನ್ನವೇ ಎದ್ದು, ಅಂಗಳಕ್ಕೆ ನೀರು ಚೆಲ್ಲಿ ರಂಗವಲ್ಲಿ ಇಡುತ್ತಿದ್ದವಳು. ಮಗುವಿಗೆ ಮೂರು ವರ್ಷ ತುಂಬಿದ ಮೇಲೆ ಬರುಬರುತ್ತ ಮಂದಳಾದಳು. ಎಷ್ಟು ನಿದ್ರಿಸಿದರೂ ಆಯಾಸ. ಚೈತ್ರದ ಸೆಕೆಯಲ್ಲಿಯೂ ಮೈಮೇಲೆ ಶಾಲು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು. ಊಟ ಕಡಮೆಯಾದರೂ ಮೈತೂಕ ಏರುವುದು. ನಮ್ಮ ಗೃಹಿಣಿಯು ಇದನ್ನು ಮೈಗಳ್ಳತನವೆಂದಳು; ನಾವು ಹೂಂಗುಟ್ಟಿದೆವು. “ಏನಮ್ಮಾ, ಸೂರ್ಯ ನೆತ್ತಿಗೆ ಬಂದನಲ್ಲ!” ಎಂದು ನಾವೂ ಗಟ್ಟಿಯಾಗಿ ಅಂದದ್ದುಂಟು. “ಕೈಕಾಲೇ ಬರುವುದಿಲ್ಲ, ಮಾವನವರೇ” ಎಂದು ಆಕೆ ಒಮ್ಮೆ ಮಾತ್ರ ನುಡಿದಳು. ಅದನ್ನು ನೆವವೆಂದು ಎಣಿಸಿದೆವು.

ಮಗುವಿಗೆ ಜ್ವರ ಬಂದು ವೈದ್ಯರ ಬಳಿಗೆ ಕರೆದೊಯ್ದಾಗ, ಆ ವೈದ್ಯೆಯು ಮಗುವಿಗಿಂತ ತಾಯಿಯ ಮುಖವನ್ನೇ ಹೆಚ್ಚು ಹೊತ್ತು ನೋಡಿದರು. ಕಣ್ಣ ಸುತ್ತಲಿನ ಊತ, ಒರಟಾದ ಚರ್ಮ, ಒಡೆದ ದನಿ, ನಾಡಿಯ ಮಂದಗತಿ ಇವನ್ನು ಗಮನಿಸಿ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಥೈರಾಯಿಡ್ ಗ್ರಂಥಿಯ ಕೆಲಸವು ಬಹಳ ಕುಗ್ಗಿದೆಯೆಂದು ತಿಳಿದುಬಂದಿತು. ಆ ಬಳಿಕ ಓದಿ, ಕೇಳಿ ನಾವು ತಿಳಿದುಕೊಂಡುದನ್ನು ಹೇಳುತ್ತೇವೆ.

ನಮ್ಮ ಶರೀರದಲ್ಲಿ ಗ್ರಂಥಿಗಳು ಎರಡು ಬಗೆ. ಬೆವರು, ಜೊಲ್ಲು, ಕಣ್ಣೀರು ಇವುಗಳ ಗ್ರಂಥಿಗಳಿಗೆ ನಾಳವುಂಟು. ರಸವು ಅದರ ಮೂಲಕ ನಿಯತವಾದ ಸ್ಥಳಕ್ಕೆ ಹರಿಯುತ್ತದೆ. ಇನ್ನೊಂದು ಬಗೆಯವಕ್ಕೆ ನಾಳವಿಲ್ಲ. ಅವುಗಳ ರಸವು ನೇರವಾಗಿ ರಕ್ತಕ್ಕೆ ಬೆರೆತು, ಹುಳಿಗೆ ಹಾಕಿದ ಉಪ್ಪು ಪಾತ್ರೆಯೆಲ್ಲವನ್ನೂ ವ್ಯಾಪಿಸುವಂತೆ, ದೇಹವನ್ನೆಲ್ಲ ವ್ಯಾಪಿಸುತ್ತದೆ. ಆದರೂ ಪ್ರತಿಯೊಂದು ರಸವು ತನ್ನನ್ನು ಗುರುತಿಸಬಲ್ಲ ಜೀವಕೋಶಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿದ್ವಾಂಸರು, ಕರುಳಿನಲ್ಲಿ ಹುಟ್ಟಿದ ರಸವೊಂದು ರಕ್ತದ ಮೂಲಕವೇ ಹೋಗಿ ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸುವುದೆಂದು ತೋರಿಸಿದರು. ಇಂಥ ರಸಗಳಿಗೆ 1905ರಲ್ಲಿ ಸ್ಟಾರ್ಲಿಂಗನು ‘ಹಾರ್ಮೋನ್’ ಎಂಬ ಹೆಸರನ್ನು ಬಳಕೆಗೆ ತಂದನು. ಪ್ರಚೋದಿಸುವುದೆಂಬ ಅರ್ಥದ ಗ್ರೀಕ್ ಶಬ್ದದಿಂದ ಅದು ಬಂದುದು.

ಥೈರಾಯಿಡ್ ಗ್ರಂಥಿಯು ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಅಂಟಿಕೊಂಡಿದೆ. ತೂಕವು 20 ಗ್ರಾಂ ಆಸುಪಾಸು. ಇದರ ಮುಖ್ಯರಸವಾದ ಥೈರಾಕ್ಸಿನ್ನನ್ನು 1914ರಲ್ಲಿ ಅಮೆರಿಕದ ಕೆಂಡಾಲ್ ಎಂಬಾತನು ಶುದ್ಧರೂಪದಲ್ಲಿ ಬೇರ್ಪಡಿಸಿದನು. ಅದರ ಒಂದೊಂದು ಅಣುವಿನಲ್ಲಿಯೂ ಅಯೋಡೀನಿನ ನಾಲ್ಕು ಪರಮಾಣುಗಳಿವೆ. ದೇಹದ ಒಲೆಯು ಎಷ್ಟು ವೇಗದಲ್ಲಿ ಉರಿಯಬೇಕೆಂದು ನಿರ್ಣಯಿಸುವುದು ಈ ರಸವೇ. ಅದು ಹೆಚ್ಚಾದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಮೈ ಇಳಿಯುತ್ತದೆ. ಕಡಮೆಯಾದರೆ ಚಳಿ, ಮರೆವು, ಮಲಬದ್ಧತೆ, ಜಾಡ್ಯ.

ಈ ಗ್ರಂಥಿಗೂ ಒಬ್ಬ ಯಜಮಾನಿಯುಂಟು. ಮೆದುಳಿನ ತಳದಲ್ಲಿ ಬಟಾಣಿಯ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯೇ ಆಕೆ. ರಕ್ತದಲ್ಲಿ ಥೈರಾಕ್ಸಿನ್ ಸಾಕಷ್ಟಿದ್ದರೆ ಆಕೆಯ ದನಿ ಮೆತ್ತಗಿರುತ್ತದೆ. ಕಡಮೆಯಾದರೆ ತನ್ನ ಪ್ರಚೋದಕ ರಸವನ್ನು ಹೆಚ್ಚಿಸಿ, “ಕೆಲಸ ಮಾಡು, ಕೆಲಸ ಮಾಡು” ಎಂದು ದನಿಯೇರಿಸುತ್ತಾಳೆ. ಟಿ.ಎಸ್.ಎಚ್. ಎಂಬ ಪರೀಕ್ಷೆಯು ಅಳೆಯುವುದು ಈ ದನಿಯನ್ನೇ. ನಮ್ಮ ಸೊಸೆಯಲ್ಲಿ ಅದು ಸಾಮಾನ್ಯ ಮಿತಿಯ ಹಲವು ಪಟ್ಟು ಏರಿದ್ದಿತು. ಆದರೆ ಕೆಲಸಗಾರನೇ ಕಾಯಿಲೆ ಬಿದ್ದಿರುವಾಗ ಕೂಗಿದರೇನು ಫಲ? ಇದನ್ನು ವೈದ್ಯೆಯು ವಿವರಿಸುತ್ತಿದ್ದಾಗ ನಾವು ತಲೆ ತಗ್ಗಿಸಿದೆವು. ಎರಡು ವರ್ಷ ನಮ್ಮ ಮನೆಯಲ್ಲಿ ನಡೆದುದೂ ಅದೇ ಅಲ್ಲವೆ!

ಈ ದೋಷವೇಕೆ ಬರುತ್ತದೆ? ಮಣ್ಣಿನಲ್ಲಿ ಅಯೋಡೀನ್ ಕಡಮೆಯಿರುವ ಕಡೆ ಅದರ ಅಭಾವವೇ ಕಾರಣ, ಗಳಗಂಡವೂ ಅದರಿಂದಲೇ. ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ಡಾಕ್ಟರ್ ರಾಮಲಿಂಗಸ್ವಾಮಿಯವರೂ ಸಂಗಡಿಗರೂ 1956ರಿಂದ ನಡೆಸಿದ ಪ್ರಯೋಗದಲ್ಲಿ, ಅಯೋಡೀನ್ ಬೆರೆಸಿದ ಉಪ್ಪಿನಿಂದ ಗಳಗಂಡವು ಇಳಿಮುಖವಾಯಿತು. ಆದರೆ ನಮ್ಮ ಮನೆಯ ಉಪ್ಪಿನಲ್ಲಿ ಕೊರತೆಯಿರಲಿಲ್ಲ. ದೇಹದ ರಕ್ಷಣಾಸೇನೆಯೇ ದಾರಿತಪ್ಪಿ ಸ್ವಂತ ಗ್ರಂಥಿಯ ಮೇಲೆ ಬೀಳುವ ವ್ಯಾಧಿಯೊಂದುಂಟು. 1912ರಲ್ಲಿ ಜಪಾನಿನ ಹಾಶಿಮೋಟೋ ಎಂಬ ವೈದ್ಯನು ಇದನ್ನು ವರ್ಣಿಸಿದನು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಅನೇಕ ಪಟ್ಟು ಹೆಚ್ಚು. ನಮ್ಮ ಸೊಸೆಗೆ ತಗಲಿದ್ದುದು ಇದೇ.

ಚಿಕಿತ್ಸೆಯು ಸರಳ. 1891ರಲ್ಲಿ ಇಂಗ್ಲೆಂಡಿನ ಮರ್ರೆ ಎಂಬ ವೈದ್ಯನು ಕುರಿಯ ಥೈರಾಯಿಡ್ ಗ್ರಂಥಿಯ ಸಾರವನ್ನು ಇಂಥ ರೋಗಿಯೊಬ್ಬಳಿಗೆ ಚುಚ್ಚಿ ಕೊಡಲು, ಆಕೆ ಚೇತರಿಸಿಕೊಂಡು ಮುಂದೆ 28 ವರ್ಷ ಬದುಕಿದಳು. ಈಗ ಕೃತಕವಾಗಿ ತಯಾರಿಸಿದ ಥೈರಾಕ್ಸಿನ್ನಿನ ಪುಟ್ಟ ಗುಳಿಗೆಯೇ ಸಾಕು. ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ನೀರಿನೊಡನೆ ಅದನ್ನು ನುಂಗಿ, ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿಯನ್ನೂ ತಿಂಡಿಯನ್ನೂ ಮುಟ್ಟಬಾರದು. ಕಬ್ಬಿಣ, ಸುಣ್ಣದ ಅಂಶಗಳ ಗುಳಿಗೆಗಳಿಗೆ ನಾಲ್ಕು ಗಂಟೆಗಳ ಅಂತರವಿರಬೇಕು. ಗುಣವು ಮೆಲ್ಲಗೆ ಬರುವುದರಿಂದ ಆರೆಂಟು ವಾರಗಳ ಬಳಿಕ ಮತ್ತೆ ರಕ್ತವನ್ನು ಪರೀಕ್ಷಿಸಿ ಪ್ರಮಾಣವನ್ನು ಸರಿಪಡಿಸುತ್ತಾರೆ. ಚೇತರಿಸಿಕೊಂಡೆವೆಂದು ತಾವಾಗಿಯೇ ಗುಳಿಗೆಯನ್ನು ಬಿಡುವುದು ತರವಲ್ಲ. ಬಸುರಿಯರೂ ನವಜಾತ ಶಿಶುಗಳೂ ಈ ವಿಷಯದಲ್ಲಿ ವಿಶೇಷ ಎಚ್ಚರಕ್ಕೆ ಅರ್ಹರು. ಕೂಸಿನ ಮೆದುಳು ಬೆಳೆಯಲು ಈ ರಸವು ಅತ್ಯಾವಶ್ಯಕ.

ಆಯಾಸವೆಲ್ಲವೂ ಥೈರಾಯಿಡ್ಡಿನದೇ ಎಂದು ನಾವು ಹೇಳುವುದಿಲ್ಲ. ರಕ್ತಹೀನತೆಯಿರಬಹುದು, ಮನೋವ್ಯಥೆಯಿರಬಹುದು, ಬರಿಯ ದುಡಿಮೆಯ ಭಾರವೂ ಇರಬಹುದು. ಅದನ್ನು ನಿರ್ಣಯಿಸಬೇಕಾದವರು ವೈದ್ಯರು, ಅತ್ತೆಮಾವಂದಿರಲ್ಲ.

ನಾಲ್ಕಾರು ತಿಂಗಳಲ್ಲಿ ಆಕೆಯ ದನಿ ತಿಳಿಯಾಯಿತು. ಶಾಲು ಪೆಟ್ಟಿಗೆ ಸೇರಿತು. ಒಂದು ಸಂಜೆ, “ತಪ್ಪು ನಮ್ಮದಮ್ಮಾ, ಸೋಮಾರಿಯೆಂದು ತಿಳಿದೆವು” ಎಂದೆವು. ಆಕೆ ಹೂ ಕಟ್ಟುತ್ತಿದ್ದವಳು ತಲೆಯೆತ್ತದೆಯೇ, “ನಾನೂ ಹಾಗೆಯೇ ತಿಳಿದಿದ್ದೆ, ಮಾವನವರೇ. ಅದಕ್ಕೇ ಯಾರಿಗೂ ಹೇಳಲಿಲ್ಲ” ಎಂದಳು.

ನಾವು ಅಂದ ಮಾತುಗಳಿಗಿಂತ ಆಕೆ ತನ್ನನ್ನು ತಾನೇ ಹಳಿದುಕೊಂಡ ಆ ಎರಡು ವರ್ಷಗಳು ನಮ್ಮನ್ನು ಹೆಚ್ಚು ಬಾಧಿಸುತ್ತವೆ. ಈಗ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯು ಒಂದು ಗಂಟೆ ತಡ. ಆಕೆ ಕುಡಿಯುವವರೆಗೆ ನಾವೂ ಕಾಯುತ್ತೇವೆ.