ಒಂದೇ ಮೆಟ್ಟಿಲಿನ ದೂರ

ಸಿರಿಮನೆಯ ಜಲಪಾತವನ್ನು ನೋಡಲು ಶೃಂಗೇರಿಯಿಂದ ಕಿಗ್ಗದ ದಾರಿ ಹಿಡಿದು ಬರುವವರು ನೀರಿನ ಸದ್ದನ್ನು ಹೊಗಳುತ್ತಾರೆ. ವರ್ಷವೆಲ್ಲ ಅದರ ನೆರೆಯಲ್ಲೇ ಇರುವ ನಮಗೆ ಅದು ಕೇಳಿಸುವುದೇ ಇಲ್ಲ. ಹೋದ ಆಷಾಢದಲ್ಲಿ ನನಗೆ ಕೇಳಿಸಿದ್ದು ಮನೆಯೊಳಗಿನ ಮೌನ. ಮಗ ಬೆಂಗಳೂರಿಗೆ ಹೋಗಿದ್ದ. ಹೋಗುವ ಮುನ್ನ ಅವನ ಬಾಸ್ ಗಿಟಾರನ್ನು ನಾನು "ನಾಲ್ಕು ತಂತಿಯ ನೇಗಿಲು" ಎಂದು ಹಂಗಿಸಿದ್ದೆ. ನೇಗಿಲನ್ನು ಮನೆಯಲ್ಲೇ ಬಿಟ್ಟು ಹೋದ. ಫೋನು ಮಾಡಿದರೆ ಮಾತೆಲ್ಲ ಅಜ್ಜಿಯೊಡನೆ, ನನಗೆ "ಮಳೆ ಹೇಗಿದೆ?" ಎಂಬುದಷ್ಟೆ.

ಒಂದು ಸಂಜೆ ಕರೆಂಟು ಹೋದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡೆ. 1951ರಲ್ಲಿ ಅಮೆರಿಕದ ಲಿಯೊ ಫೆಂಡರ್ ಇಂಥದೊಂದು ವಾದ್ಯವನ್ನು ಮಾರುಕಟ್ಟೆಗೆ ತಂದು 'ಪ್ರಿಸಿಷನ್ ಬಾಸ್' ಎಂದು ಹೆಸರಿಟ್ಟ. ವೀಣೆಗಿರುವಂತೆ ಮೆಟ್ಟಿಲುಗಳಿವೆ, ಸ್ವರ ತಪ್ಪುವಂತಿಲ್ಲ ಎಂಬುದು ಹೆಸರಿನ ಇಂಗಿತ. ಆ ಮಹಾಶಯನಿಗೆ ನನ್ನ ಬೆರಳುಗಳ ಪರಿಚಯವಿರಲಿಲ್ಲ.

ಮಗನ ನೋಟುಪುಸ್ತಕದಲ್ಲಿ 'ಎ ಮೈನರ್' ಎಂದಿತ್ತು: ಎ, ಸಿ, ಇ ಎಂಬ ಮೂರು ಸ್ವರಗಳ ಕೂಟ. ಮೊದಲು ಮೂರನ್ನೂ ದಪ್ಪ ತಂತಿಗಳ ಮೇಲೆಯೇ ಹಿಡಿದು ಮೀಟಿದೆ. ಕೆಸರಿನಿಂದ ಎಮ್ಮೆ ಎದ್ದಂತಾಯಿತು. ಮಂದ್ರ ಸ್ವರಗಳು ಒತ್ತೊತ್ತಾಗಿ ನಿಂತರೆ ಒಂದನ್ನೊಂದು ಮಸುಕು ಮಾಡುತ್ತವೆ. ಉಪಾಯವೂ ಪುಸ್ತಕದಲ್ಲೇ ಇತ್ತು: ಅತಿ ದಪ್ಪ ತಂತಿಯ ಐದನೆಯ ಮೆಟ್ಟಿಲಲ್ಲಿ ಎ, ಅದರ ಪಕ್ಕದ ತಂತಿಯ ಏಳನೆಯದರಲ್ಲಿ ಇ, ಅತಿ ತೆಳು ತಂತಿಯ ಐದನೆಯದರಲ್ಲಿ, ಒಂದು ಸ್ಥಾಯಿ ಮೇಲೆ, ಸಿ. ಆ ತೆಳು ತಂತಿಯ ಬೆರಳನ್ನು ಆರನೆಯ ಮೆಟ್ಟಿಲಿಗೆ ಸರಿಸಿದರೆ ಅದೇ ಮೇಜರ್. ವಿಷಾದಕ್ಕೂ ಉಲ್ಲಾಸಕ್ಕೂ ಒಂದೇ ಮೆಟ್ಟಿಲಿನ ದೂರ!

ಕರೆಂಟಿಲ್ಲದ ವಾದ್ಯದ ದನಿ ಮಳೆಯಲ್ಲಿ ಕರಗಿಹೋಯಿತು. ಗಿಟಾರಿನ ತಲೆಯನ್ನು ಹಳೆಯ ಮರದ ಕಪಾಟಿಗೆ ಒತ್ತಿ ಹಿಡಿದು ಮೀಟಿದೆ. ಕಪಾಟೇ ಗುಂಯ್ ಎಂದಿತು. ಒಳಗಿನಿಂದ ಅಮ್ಮ ಕೇಳಿದಳು: "ಅದು ಸಾಧಾರಣ ಗಾಂಧಾರ ಅಲ್ಲವೇನೋ?"

ಹೌದು. ಷಡ್ಜ, ಸಾಧಾರಣ ಗಾಂಧಾರ, ಪಂಚಮ. ಬಾಲ್ಯದಲ್ಲಿ ಅವಳು ಖರಹರಪ್ರಿಯ ಹೇಳಿಕೊಟ್ಟಾಗ ಒಂದರ ಹಿಂದೊಂದು ಬಂದವರು ಇಲ್ಲಿ ಒಟ್ಟಿಗೆ ಕುಳಿತಿದ್ದರು. ಬೆರಳನ್ನು ಸರಿಸಿದೆ.

"ಈಗ ಅಂತರ ಗಾಂಧಾರ. ನಿನ್ನ ಮಗ ದಿನಾ ನುಡಿಸುತ್ತಿದ್ದ. ನೀನು ಬಾಗಿಲು ಹಾಕಿಕೊಳ್ಳುತ್ತಿದ್ದೆ."

ಹದಿನೈದು ದಿನಗಳಲ್ಲಿ ಬೆರಳ ತುದಿ ಜಡ್ಡುಗಟ್ಟಿತು. ಮತ್ತೆ ಫೋನು ಬಂದಾಗ ಮಳೆಯ ವರ್ತಮಾನ ಹೇಳಲಿಲ್ಲ. ಫೋನನ್ನು ಕಪಾಟಿನ ಮೇಲಿಟ್ಟು ಮೂರು ತಂತಿ ಮೀಟಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಪ್ಪಾ, ಮೀಟದೆ ಬಿಟ್ಟ ತಂತಿಯೂ ಅದುರುತ್ತಿದೆ. ಅದನ್ನು ಬೆರಳಿನಿಂದ ಮುಟ್ಟಿ ಹಿಡಿದುಕೋ" ಎಂದ.

ಹಿಡಿದುಕೊಂಡೆ. ಮತ್ತೆ ಮೀಟಿದೆ.