ಜೇಬಿನ ಕ್ಯಾಮೆರಾ, ಅಪ್ಪನ ಬೆರಳು

ಫೋನಲ್ಲೇ ಇಷ್ಟು ಚೆನ್ನಾಗಿ ಫೋಟೊ ಬರುವಾಗ ಇನ್ನೊಂದು ಕ್ಯಾಮೆರಾ ಯಾಕೆ ಅಂತ ಆಫೀಸಿನಲ್ಲಿ ಎಲ್ಲರೂ ಕೇಳುತ್ತಾರೆ. ಊಟದ ತಟ್ಟೆ, ಟ್ರಿಪ್, ಸೆಲ್ಫಿ ಇಷ್ಟೇ ಆದರೆ ಖಂಡಿತ ಬೇಡ, ದುಡ್ಡು ಉಳಿಸಿ. ನಾನು ತಗೊಂಡದ್ದು ಅಪ್ಪನ ಕೈಗೋಸ್ಕರ.

ಅಪ್ಪ ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು. ಬೆರಳ ಗಂಟುನೋವು ಜಾಸ್ತಿಯಾಗಿ, ಈ ವರ್ಷದ ತಿರುಗಾಟವೇ ಕೊನೆ ಅಂದಿದ್ದಾರೆ. ನುಡಿಸುವ ಆ ಕೈ ನನ್ನ ಫೋನಿಗೆ ಸಿಗುತ್ತಲೇ ಇರಲಿಲ್ಲ. ನೈಟ್ ಮೋಡ್ ಒಂದರ ಹಿಂದೊಂದು ಹಲವು ಫ್ರೇಮ್ ತೆಗೆದು, ಸೇರಿಸಿ ಒಂದು ಚಿತ್ರ ಮಾಡುತ್ತದೆ. ಅಲುಗಾಡದ ಗೋಪುರಕ್ಕೆ ಅದು ಸರಿ. ಓಡುವ ಬೆರಳು ಬರೀ ಮಸುಕು.

ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸೋನಿ ಆರ್‌ಎಕ್ಸ್ 100 ತಗೊಂಡೆ, 2012ರ ಮೊದಲ ಮಾಡೆಲ್. ಬ್ಯಾಟರಿ ಸೇರಿ 240 ಗ್ರಾಂ. ಸೆನ್ಸರ್ 13.2×8.8 ಮಿಲಿಮೀಟರ್, ಆ ಕಾಲದ ಸಾಮಾನ್ಯ ಪುಟ್ಟ ಕ್ಯಾಮೆರಾಗಳದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ದೊಡ್ಡದು. ಲೆನ್ಸ್ ಎಫ್/1.8ರವರೆಗೆ ತೆರೆಯುತ್ತದೆ. ಹಾಗಾಗಿ ರಂಗಸ್ಥಳದ ಬೆಳಕಲ್ಲೇ ಶಟರ್ ಸ್ಪೀಡ್ 1/250 ಸೆಕೆಂಡಿಗೆ ಇಡಬಹುದು. ಫೋಟೊ ಮೇಲೆ ರವೆ ಚೆಲ್ಲಿದ ಹಾಗೆ ಚುಕ್ಕಿ ಬರುತ್ತದೆ, ಬರಲಿ. ಬೆರಳು ಬೆರಳಾಗಿ ಕಾಣುತ್ತದೆ.

ತೊಂದರೆ ಇರುವುದು ಝೂಮಿನಲ್ಲಿ. ದೂರದ ಕುರ್ಚಿಯಲ್ಲಿ ಕೂತು ಪೂರ್ತಿ ಝೂಮ್ ಮಾಡಿದರೆ ಅದೇ ಲೆನ್ಸ್ ಎಫ್/4.9ಕ್ಕೆ ಬಂದು ನಿಲ್ಲುತ್ತದೆ. ಬೆಳಕು ಸುಮಾರು ಏಳನೇ ಒಂದು ಪಾಲಷ್ಟೇ. ಹತ್ತಿರ ಹೋಗದೆ ಬೇರೆ ದಾರಿಯಿಲ್ಲ. ಆಗಲೇ ಈ ಪುಟ್ಟ ಗಾತ್ರದ ಉಪಕಾರ ಗೊತ್ತಾಗುವುದು: ರಂಗಸ್ಥಳದ ಬದಿಯಲ್ಲಿ ಕೂತು ಎದೆ ಮಟ್ಟಕ್ಕೆ ಹಿಡಿದರೆ ಯಾರಿಗೂ ಅಡ್ಡವಿಲ್ಲ. ಶಟರ್ ಸದ್ದೂ ತೀರಾ ಮೆಲ್ಲಗೆ. ಪಕ್ಕದಲ್ಲೇ ಚೆಂಡೆ ಇರುವಾಗ ಆ ಗುಣಕ್ಕೆ ಅಂಕ ಕೊಡುವುದು ಕಷ್ಟ ಬಿಡಿ.

“ಇದೆಂತದು ಮಾರಾಯ, ಬೆಂಕಿಪೆಟ್ಟಿಗೆ ಹಾಗೆ ಉಂಟಲ್ಲ” ಅಂದರು ಅಪ್ಪ.

ಹಗಲು ಬಿಸಿಲಲ್ಲಿ ಸ್ಕ್ರೀನ್ ಸರಿಯಾಗಿ ಕಾಣಲ್ಲ, ಕಣ್ಣಿಟ್ಟು ನೋಡಲು ವ್ಯೂಫೈಂಡರ್ ಇಲ್ಲ. ವೈಫೈ ಕೂಡ ಇಲ್ಲ; ಅಮ್ಮನಿಗೆ ವಾಟ್ಸಾಪ್ ಮಾಡಬೇಕಾದರೆ ಕಾರ್ಡ್ ರೀಡರ್ ಹುಡುಕಬೇಕು. ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜಿಗೆ 330 ಫೋಟೊ, ಬೆಳಗಿನವರೆಗಿನ ಆಟಕ್ಕೆ ಸಾಲದು.

ಕಳೆದ ತಿಂಗಳ ಒಂದು ಫೋಟೊದಲ್ಲಿ ಅಪ್ಪನ ಬಲಗೈ ಮದ್ದಳೆಯಿಂದ ಒಂದಿಂಚು ಮೇಲಿದೆ. ಉಳಿದ ಬೆರಳೆಲ್ಲ ನೇರ, ಉಂಗುರ ಬೆರಳು ಮಾತ್ರ ಮಡಚಿದೆ. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. “ಓ, ಇದನ್ನು ಬಿಟ್ಟೇ ನುಡಿಸ್ತಾ ಇದ್ದೇನಾ ನಾನು?” ಅಂದರು. ಅವರಿಗೇ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ತಿರುಗಾಟ ಮುಗಿಯುತ್ತದೆ. ಇನ್ನು ಏಳು ಆಟ ಇದೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಸೀಟು ಸಿಕ್ಕಿದೆ, ಎರಡು ಬ್ಯಾಟರಿ ಚಾರ್ಜಿಗಿಟ್ಟಿದ್ದೇನೆ.